ಕೊಟ್ಟಿಗೆಹಾರದಲ್ಲಿ ಚೀನಾದ ಯುದ್ಧ

ದಯಾನಂದ ಮೇಷ್ಟ್ರು ಒಂದೇ ಸುಳ್ಳನ್ನು ಇಬ್ಬರಿಗೆ ಹೇಳಿದ್ದ. ಬೇರೆ ಬೇರೆ ಸುಳ್ಳು ಹೇಳಿದ್ದರೆ ಬಚಾವಾಗುತ್ತಿದ್ದನೋ ಏನೋ. "ಕೊನೆಗೆ ಗೆಲ್ಲೋದು ನೀವೇ ಸಾರ್" ಎಂಬುದೇ ಆ ಸುಳ್ಳು.

ಕೇಳಿಸಿಕೊಂಡವರಲ್ಲಿ ಒಬ್ಬರು ಬೆಳ್ಳಿಯಪ್ಪ, ಇನ್ನೊಬ್ಬರು ತಮ್ಮಯ್ಯ. ಇಬ್ಬರೂ ಕೊಟ್ಟಿಗೆಹಾರದ ಕಾಫಿ ಬೆಳೆಗಾರರು. ಬೆಳೆಗಾರರ ಸಂಘ ನಡೆಸುವ ಶಾಲೆಗೆ ಬೆಳ್ಳಿಯಪ್ಪ ಅಧ್ಯಕ್ಷರು, ತಮ್ಮಯ್ಯ ಕಾರ್ಯದರ್ಶಿ. ಇವರು ಹೌದೆಂದರೆ ಅವರು ಅಲ್ಲ ಎನ್ನಲೇಬೇಕು. ಶಾಲೆಗೆ ಬಣ್ಣ ಹೊಡೆಸುವಾಗಲೂ ಜಗಳವಾಗಿ ಕಟ್ಟಡದ ಮುಂಭಾಗ ನೀಲಿ, ಹಿಂಭಾಗ ಗುಲಾಬಿ ಆಗಿದೆ. ಮಳೆಗಾಲದಲ್ಲಿ ದಾರಿ ತಪ್ಪಿ ಹಿಂದಿನಿಂದ ಬಂದ ಪೋಷಕರು ಬೇರೆ ಶಾಲೆಗೆ ಬಂದೆವೆಂದು ವಾಪಸ್ ಹೋದದ್ದೂ ಉಂಟು.

ಅದೇ ಶಾಲೆಯಲ್ಲಿ ದಯಾನಂದ ಇತಿಹಾಸದ ಟೆಂಪರರಿ ಮೇಷ್ಟ್ರು. ಬಣಕಲ್‌ನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಧನ್ಯಶ್ರೀಗೂ ಅವನಿಗೂ ಮನಸ್ಸು ಕೂಡಿತ್ತು. ಆದರೆ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ ಅವಳ ಅಪ್ಪ ಗುರುವಯ್ಯನ ಮಾತು ಖಡಕ್ಕು: "ಹುಡುಗ ಒಳ್ಳೆಯವನೇ. ಆದ್ರೆ ಟೆಂಪರರಿಗೆ ಮಗಳನ್ನ ಕೊಡೋಕಾಗಲ್ಲ. ಕಾಯಂ ಆಗ್ಲಿ, ಮಾರನೇ ದಿನವೇ ಮದುವೆ ಮಾತು."

ಕಾಯಂ ಆಗುವ ವಿಷಯ ಪ್ರತಿ ವರ್ಷ ಕಮಿಟಿಗೆ ಬರುತ್ತಿತ್ತು. ಬಂದ ಕೂಡಲೇ ಬಾಗಿಲು ಹಾಕಿಕೊಂಡು ಬೆಳ್ಳಿಯಪ್ಪ, ತಮ್ಮಯ್ಯ ಕೂಗಾಡುತ್ತಿದ್ದರು. ಹೊರಗೆ ನಿಂತ ದಯಾನಂದನಿಗೆ ಕೂಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೊನೆಗೆ ಮುಂದಿನ ವರ್ಷ ನೋಡೋಣ ಎಂದು ಎದ್ದು ಹೋಗುತ್ತಿದ್ದರು. ಇವರಿಬ್ಬರೂ ಒಂದಾದ ದಿನ ನನ್ನ ಕೆಲಸ ಗ್ಯಾರಂಟಿ ಎಂದು ದಯಾನಂದ ಲೆಕ್ಕ ಹಾಕಿದ್ದ. ಪಾಪ, ಯಾರಾದರೂ ಹಾಗೇ ಹಾಕುತ್ತಿದ್ದರು.

ಈ ಸಲದ ರಾಜ್ಯೋತ್ಸವಕ್ಕೆ ನಾಟಕ ಆಡಿಸುವ ಜವಾಬ್ದಾರಿ ಅವನ ತಲೆಗೆ ಬಂತು. ಬೆಳ್ಳಿಯಪ್ಪ ಪಾತ್ರ ಮಾಡುತ್ತಾರೆಂದು ತಿಳಿದ ಸಂಜೆಯೇ ತಮ್ಮಯ್ಯನವರೂ ಹೆಸರು ಕೊಟ್ಟರು. ಹಿಂದೊಮ್ಮೆ ರಾಮಾಯಣ ಆಡಿಸಲು ಹೋಗಿ, ರಾವಣನ ಪಾತ್ರ ಕೊಟ್ಟದ್ದಕ್ಕೆ ತಮ್ಮಯ್ಯ ಆರು ತಿಂಗಳು ಶಾಲೆಯ ನೀರಿನ ಪೈಪ್ ಬಂದ್ ಮಾಡಿಸಿದ್ದರು. ಪಾಳೆಯಗಾರರ ಕತೆ ತೆಗೆದರೆ ಇಬ್ಬರೂ ತಮ್ಮ ತಮ್ಮ ಅಜ್ಜಂದಿರನ್ನು ಹಿಡಿದು ತರುತ್ತಾರೆ. ಅದಕ್ಕೇ ದಯಾನಂದ ಯಾರ ನೆಂಟಸ್ತಿಕೆಯೂ ಇಲ್ಲದ ಪ್ರಾಚೀನ ಚೀನಾಕ್ಕೆ ಹೋದ.

ಅಲ್ಲಿನ ಪುರಾಣದಲ್ಲಿ ಎರಡು ಬುಡಕಟ್ಟಿನ ನಾಯಕರಿದ್ದಾರೆ. ಒಬ್ಬ ಹಳದಿ ಬಟ್ಟೆಯ ಹುವಾಂಗ್‌ದಿ, ಇನ್ನೊಬ್ಬ ಕಂಚಿನ ತಲೆಯ ಮೇಲೆ ಕೊಂಬಿರುವ, ಕಲ್ಲು ಮರಳು ತಿನ್ನುವ ಚಿಯೂ. ಚಿಯೂ ಮಂಜು ಕವಿಸುತ್ತಾನೆ. ಹುವಾಂಗ್‌ದಿ ದಿಕ್ಕು ತೋರಿಸುವ ರಥ ಮಾಡಿಸಿ ದಾರಿ ಹುಡುಕಿ ಗೆಲ್ಲುತ್ತಾನೆ. ಈ ಕೊನೆಯ ಸಂಗತಿ ಕೊಟ್ಟಿಗೆಹಾರದಲ್ಲಿ ಯಾರಿಗೂ ಗೊತ್ತಿಲ್ಲವೆಂಬುದೇ ದಯಾನಂದನ ಧೈರ್ಯ.

"ಕನ್ನಡ ರಾಜ್ಯೋತ್ಸವಕ್ಕೆ ಚೀನಾ ನಾಟಕ ಎಂತಕ್ಕೆ ಮೇಷ್ಟ್ರೇ?" ಎಂದು ಬೆಳ್ಳಿಯಪ್ಪ ಕೇಳಿದ್ದರು.

"ಎಲ್ಲರೂ ಕನ್ನಡದಲ್ಲೇ ಹೊಡೆದಾಡ್ತಾರೆ ಸಾರ್. ನೀವು ಹುವಾಂಗ್‌ದಿ. ಗೆಲ್ಲೋದು ನೀವೇ."

ತಮ್ಮಯ್ಯನವರ ಮನೆಗೂ ಹೋಗಿ ಹುವಾಂಗ್‌ದಿ ಇದ್ದಲ್ಲಿ ಚಿಯೂ ಎಂದು ಹಾಕಿ ಉಳಿದದ್ದನ್ನು ಹಾಗೆಯೇ ಹೇಳಿ ಕಾಫಿ ಕುಡಿದು ಬಂದ. ಕೊನೆಯ ದೃಶ್ಯವನ್ನು ಇಬ್ಬರಿಗೂ ಬೇರೆ ಬೇರೆ ಪ್ರಾಕ್ಟೀಸ್ ಮಾಡಿಸಿದ. ನಾಟಕದ ದಿನ ಇಬ್ಬರೂ ಕತ್ತಿ ಎತ್ತಿದ ಕೂಡಲೇ ಪರದೆ ಬೀಳಿಸಿಬಿಡುವುದು ಅವನ ಉಪಾಯ. ಪರದೆಯ ಹಗ್ಗ ಹಿಡಿಯಲು ಡ್ರಿಲ್ ಮೇಷ್ಟ್ರು ನಾಗೇಶನನ್ನು ಒಪ್ಪಿಸಿದ.

ನಾಟಕದ ದಿನ ಬೆಳಿಗ್ಗೆ ಮೈದಾನದಲ್ಲಿ ಶಾಮಿಯಾನ ಕಟ್ಟಿಸುತ್ತಿದ್ದಾಗ ತಮ್ಮಯ್ಯನವರ ಹೆಂಡತಿ ವಸಂತಮ್ಮ ತೋಳುದ್ದದ ಏಲಕ್ಕಿ ಹಾರ ಹಿಡಿದು ಬಂದರು.

"ಇವರು ಗೆದ್ದ ಕೂಡ್ಲೇ ನಾನೇ ಸ್ಟೇಜ್ ಹತ್ತಿ ಹಾಕ್ತೀನಿ ಮೇಷ್ಟ್ರೇ."

ನಮ್ಮ ಕಡೆಯ ನಾಟಕಗಳಲ್ಲಿ ಇದೊಂದು ಪದ್ಧತಿ. ಪಾತ್ರಧಾರಿ ಗೆದ್ದರೆ ಅವನ ಕಡೆಯವರು ನಾಟಕವನ್ನು ಅಲ್ಲೇ ನಿಲ್ಲಿಸಿ, ವೇದಿಕೆ ಹತ್ತಿ ಹಾರ ಹಾಕುತ್ತಾರೆ. ಸತ್ತು ಬಿದ್ದವನೂ ಒಂದು ಕಣ್ಣು ತೆರೆದು ನೋಡುತ್ತಾನೆ. ದಯಾನಂದ ಈ ಪದ್ಧತಿಯನ್ನು ಮರೆತೇಬಿಟ್ಟಿದ್ದ. ವಸಂತಮ್ಮ ಆಚೆ ಹೋಗುವಷ್ಟರಲ್ಲಿ ಬೆಳ್ಳಿಯಪ್ಪನವರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರಸಾದ್ ಅದಕ್ಕಿಂತ ದಪ್ಪನೆಯ ಹಾರ ತಂದ.

ಅಷ್ಟು ಸಾಲದೆಂಬಂತೆ ನಾಗೇಶ ಮೊಬೈಲ್ ತೆಗೆದ. ಊರಿನ ಯಾವ ವಿಷಯವಾದರೂ ತನ್ನ ಬಾಯಿಯಿಂದಲೇ ಹೊರಡಬೇಕೆಂಬ ಹಟದವನು ಅವನು. ಊಟದ ಹೊತ್ತಿಗೆ ತಮ್ಮಯ್ಯ ದಯಾನಂದನನ್ನು ಮೂಲೆಗೆ ಕರೆದರು.

"ಮೇಷ್ಟ್ರೇ, ನಾಗೇಶ ಮೊಬೈಲಲ್ಲಿ ನೋಡಿದ್ನಂತೆ. ಕೊನೆಗೆ ನನ್ನನ್ನ ಕೊಂದೇ ಹಾಕ್ತಾರಂತಲ್ಲ!"

ದಯಾನಂದ ಸಿಕ್ಕಿಬಿದ್ದಿದ್ದ. ಆದರೆ ನಾಲಿಗೆ ಕೈಬಿಡಲಿಲ್ಲ. "ಸಾರ್, ಅದು ಹುವಾಂಗ್‌ದಿ ಕಡೆಯವರು ಬರೆಸಿಕೊಂಡ ಕತೆ. ಚಿಯೂ ಮುಂದೆ ದೇವರೇ ಆದ ಸಾರ್! ಯುದ್ಧಕ್ಕೆ ಹೊರಡೋ ರಾಜರೆಲ್ಲ ಅವನಿಗೇ ಪೂಜೆ ಮಾಡ್ತಿದ್ರು."

ದೇವರಾದದ್ದು ನಿಜವೇ ಆಗಿತ್ತು. ತಮ್ಮಯ್ಯ ಮೀಸೆ ತಿರುವಿ, "ದೇವರು ಅಂದ್ರೆ ಆಯ್ತು ಬಿಡಿ" ಎಂದು ಕೊಂಬು ಕಟ್ಟಿಸಿಕೊಳ್ಳಲು ಹೋದರು.

ಹಿಂದೆಯೇ ನಿಂತಿದ್ದ ನಾಗೇಶ ಅದನ್ನು ಹಾಗೆಯೇ ಹೊತ್ತು ಹಾಕಿದ್ದು ಬೆಳ್ಳಿಯಪ್ಪನವರ ಕಿವಿಗೆ.

"ಎಂಥ ಮಾರಾಯ, ಅವನು ದೇವರು, ನಾನು ಬರೀ ರಾಜನಾ?" ಬೆಳ್ಳಿಯಪ್ಪ ಗುಡುಗಿದರು. "ಮೇಷ್ಟ್ರೇ, ನನಗೂ ಕೊಂಬು ಬೇಕು. ಇಲ್ಲಾಂದ್ರೆ ಈಗ್ಲೇ ಮನೆಗೆ ಹೋಗ್ತೀನಿ, ನಿಮ್ಮ ಕೆಲಸದ ವಿಷಯ ಆಮೇಲೆ ನೋಡ್ಕೊಳ್ಳಿ."

ದಯಾನಂದ ಬೈಕ್ ಹತ್ತಿ ಬಣಕಲ್‌ಗೆ ಓಡಿದ. ಧನ್ಯಶ್ರೀ ರಟ್ಟು ಸುತ್ತಿ, ಬಟ್ಟೆ ಹೊಲಿದು, ಕಂಚಿನ ಬಣ್ಣ ಬಳಿದು ಕೊಂಬು ಮಾಡಿಕೊಟ್ಟಳು. ಅದನ್ನು ತಂದು ಬೆಳ್ಳಿಯಪ್ಪನವರ ತಲೆಗೆ ಕಟ್ಟುತ್ತಿದ್ದಂತೆ ತಮ್ಮಯ್ಯ ನೋಡಿ, "ಅವನಿಗೆ ಕೊಂಬೂ ಉಂಟು, ಹಳದಿ ಜರಿಯೂ ಉಂಟು. ನಾನೇನು ಗೋಣಿ ಹೊದ್ದುಕೊಳ್ಳಬೇಕಾ?" ಎಂದು ಕೂತುಬಿಟ್ಟರು. ಮತ್ತೆ ಬೈಕು, ಮತ್ತೆ ಬಣಕಲ್.

"ನಿಮ್ಮ ನಾಟಕ ಮುಗಿಯೋದ್ರೊಳಗೆ ನನ್ನ ಮಿಶಿನ್ ಸತ್ತೋಗುತ್ತೆ" ಎಂದಳು ಧನ್ಯಶ್ರೀ. "ಇವತ್ತಾದ್ರೂ ಅವರಿಬ್ರ ಹತ್ರ ಕೆಲಸದ ಮಾತು ಕೇಳ್ತೀರಾ, ಇಲ್ವಾ?"

"ಇವತ್ತು ಇಬ್ರೂ ಖುಷಿಯಾಗಿ ಮನೆಗೆ ಹೋಗ್ತಾರೆ ನೋಡು" ಎಂದ ದಯಾನಂದ. ಅದೊಂದನ್ನು ಅವನು ಮನಸಾರೆ ನಂಬಿದ್ದ.

ಎಲ್ಲ ಮುಗಿಯುವಾಗ ಬೆಳ್ಳಿಯಪ್ಪ, ತಮ್ಮಯ್ಯ ಅಚ್ಚು ಒಂದೇ ಥರ ಕಾಣುತ್ತಿದ್ದರು. ಅದೇ ಕೊಂಬು, ಅದೇ ಹಳದಿ ನಿಲುವಂಗಿ, ಹೊಟ್ಟೆಯೂ ಹೆಚ್ಚು ಕಡಿಮೆ ಅಷ್ಟೇ. ಮೂರು ಗಂಟೆಗೆ ಶುರುವಾಗಬೇಕಿದ್ದ ನಾಟಕ, ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲೇ ಐದಾಗಿತ್ತು. ಗುರುವಯ್ಯ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ.

ನಾಟಕ ಕೊನೆಯ ಯುದ್ಧಕ್ಕೆ ಬಂದಾಗ ಚಿಯೂ ಆಗಿದ್ದ ತಮ್ಮಯ್ಯ ಕೈ ಎತ್ತಿ "ಕವಿಯಲಿ ಮಂಜು!" ಎಂದು ಅಬ್ಬರಿಸಿದರು. ಚಾರ್ಮಾಡಿ ಘಾಟಿಯ ಕಡೆಯಿಂದ ನಿಜವಾದ ಮಂಜು ಮೇಲೆ ಬಂತು. ಕೊಟ್ಟಿಗೆಹಾರದವರಿಗೆ ಮಂಜು ಹೊಸದಲ್ಲ, ಆದರೆ ಹೇಳಿದ ಮಾತು ಕೇಳುವ ಮಂಜನ್ನು ಅವರು ನೋಡಿರಲಿಲ್ಲ. ಜನ ಚಪ್ಪಾಳೆ ಹೊಡೆದರು. ನಿಮಿಷದಲ್ಲಿ ವೇದಿಕೆ, ಶಾಮಿಯಾನ, ಅತಿಥಿಗಳು ಎಲ್ಲ ಮಾಯವಾಗಿ ಟ್ಯೂಬ್‌ಲೈಟ್ ಒಂದೇ ಮಬ್ಬಾಗಿ ಉಳಿಯಿತು.

"ನಾಗೇಶ, ಪರದೆ! ಪರದೆ ಎಳಿ!" ದಯಾನಂದ ಬದಿಯಿಂದ ಕೈ ಬೀಸಿದ. ಆ ಕೈ ಅವನಿಗೇ ಕಾಣಲಿಲ್ಲ.

ಮಂಜಿನೊಳಗೆ ಮರದ ಕತ್ತಿಗಳು ಕಂಬಕ್ಕೆ, ಕುರ್ಚಿಗೆ, ಒಮ್ಮೆ ಮೈಕಿಗೂ ಬಡಿದವು. ಆಮೇಲೆ ಎರಡು ದನಿಗಳು ಒಟ್ಟಿಗೇ ಕೂಗಿದವು: "ಗೆದ್ದೆ!"

ಅದನ್ನೇ ಕಾಯುತ್ತಿದ್ದ ವಸಂತಮ್ಮ ಈ ಮೆಟ್ಟಿಲಿನಿಂದ ಹತ್ತಿದರು, ಪ್ರಸಾದ್ ಆ ಮೆಟ್ಟಿಲಿನಿಂದ ಹತ್ತಿದ. ಎದುರಿಗೆ ಸಿಕ್ಕ ಕೊಂಬಿಗೆ ಹಾರ ಹಾಕಿ ವಸಂತಮ್ಮ ಸೆರಗಿನಿಂದ ಬೆವರು ಒರೆಸಿದರು. "ಎಷ್ಟು ಚಂದ ಗೆದ್ರಿ! ಗಂಟಲು ಒಣಗಿರ್ಬೇಕು ಅಲ್ವಾ?" ಇನ್ನೊಂದು ಕೊಂಬಿಗೆ ಹಾರ ಹಾಕಿದ ಪ್ರಸಾದ್, "ನಮ್ಮ ಸಾಹುಕಾರ್ರಿಗೆ ಜೈ" ಎಂದು ಕಾಲಿಗೆ ಬಿದ್ದ.

ತೂಗುಬಿಟ್ಟಿದ್ದ ಮೈಕು ಮುಂದಿನದ್ದನ್ನೆಲ್ಲ ಊರಿಗೆ ಕೇಳಿಸಿತು.

"ಅತ್ತಿಗೇ... ನಾನು ಬೆಳ್ಳಿಯಪ್ಪ."

"ಅಯ್ಯೋ! ಆಗ್ಲಿ ಬಿಡಿ ಅಣ್ಣ. ಕೊರಳಿಗೆ ಹಾಕಿದ ಹಾರ ವಾಪಸ್ ತೆಗೀಬಾರ್ದು. ನೀವೂ ನಮ್ಮನೆಯವರೇ ಅಲ್ವಾ?"

ಆಮೇಲೆ ತಮ್ಮಯ್ಯನವರ ದನಿ, "ಬೆಳ್ಳಿಯಪ್ಪ, ನಿನ್ನ ರೈಟರ್ ನನ್ನ ಕಾಲು ಬಿಡ್ತಾ ಇಲ್ಲ ಮಾರಾಯ. ಅಲ್ಲಾ, ಗೆಲ್ಲೋದು ನೀನು ಅಂತ ನಿಂಗೆ ಯಾರು ಹೇಳಿದ್ದು?"

"ದಯಾನಂದ ಮೇಷ್ಟ್ರು. ನಿಂಗೆ?"

"ಅವರೇ!"

ದಯಾನಂದ ಜೇಬಿನಲ್ಲಿ ಬೈಕಿನ ಕೀಲಿ ತಡಕಿದ. ಆದರೆ ಮೈಕಿನಲ್ಲಿ ಕೇಳಿಸಿದ್ದು ನಗು. ಮೊದಲು ಒಂದು ನಗು, ಆಮೇಲೆ ಎರಡು, ಆಮೇಲೆ ಮೈದಾನವೇ ನಕ್ಕಿತು. ಮಂಜು ಸ್ವಲ್ಪ ಸರಿದಾಗ ಎರಡು ಜೊತೆ ಕೊಂಬುಗಳು ತಪ್ಪಿಸಿಕೊಳ್ಳಲಾರದಂತೆ ಸಿಕ್ಕಿಕೊಂಡು ಬೆಳ್ಳಿಯಪ್ಪ, ತಮ್ಮಯ್ಯ ಅಪ್ಪಿಕೊಂಡು ನಿಂತಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಸಂತಮ್ಮ ಅತ್ತರು. ದಯಾನಂದನ ಕಣ್ಣೂ ಒದ್ದೆಯಾಯಿತು, ನಿಜವಾದ ಸಂತೋಷಕ್ಕೆ.

ಗುರುವಯ್ಯ ಓಡಿ ಬಂದು ಅವನ ಬೆನ್ನು ತಟ್ಟಿದ. "ಭಲೇ ಮೇಷ್ಟ್ರೇ! ನಮ್ಮ ಅಪ್ಪನ ಕಾಲದಿಂದ ಯಾರ ಕೈಲೂ ಆಗದ್ದು ಮಾಡಿದ್ರಿ. ಹೋಗಿ, ಈಗ್ಲೇ ಕೇಳಿ. ಕಬ್ಬಿಣ ಬಿಸಿ ಇದೆ. ನಾನು ಇಲ್ಲೇ ನಿಂತಿರ್ತೀನಿ."

ದಯಾನಂದ ಬಣ್ಣ ಹಚ್ಚುವ ಕೋಣೆಗೆ ಹೋದ. ಅಧ್ಯಕ್ಷರೂ ಕಾರ್ಯದರ್ಶಿಯೂ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಫ್ಲಾಸ್ಕಿನಿಂದ ಕಾಫಿ ಹಂಚಿಕೊಳ್ಳುತ್ತಿದ್ದರು.

"ಬನ್ನಿ ಬನ್ನಿ ಮೇಷ್ಟ್ರೇ, ನಿಮ್ಮದೇ ಮಾತು ಬಂತು" ಎಂದರು ಬೆಳ್ಳಿಯಪ್ಪ ಪ್ರೀತಿಯಿಂದ. "ನಿಮ್ಮ ವಿಷಯ ಸುಮ್ನೆ ಎಳೀತಾ ಇತ್ತು. ತಪ್ಪು ನಮ್ಮದೇ."

"ಸಾರ್, ನಿಮ್ಮ ದೊಡ್ಡ ಗುಣ..."

"ಮೊದಲನೇ ವರ್ಷ, ಇವರನ್ನ ತೆಗೆಯೋಣ ಅಂದೆ ನಾನು. ಪಾಠ ಬಿಟ್ಟು ಕತೆ ಹೇಳ್ತಾರೆ, ಮಕ್ಕಳು ಇತಿಹಾಸದಲ್ಲಿ ಫೇಲಾಗ್ತಾರೆ. ಇವನು ಹಟಕ್ಕೆ ಬಿದ್ದು ಬೇಡ ಅಂದ."

"ಮರುವರ್ಷ ನಂಗೂ ಹಾಗೇ ಅನ್ನಿಸ್ತು. ತೆಗೆಯೋಣ ಅಂದೆ" ತಮ್ಮಯ್ಯ ನಕ್ಕರು. "ಆಗ ಇವನು ಬೇಡ ಅಂದ! ನಮ್ಮ ಜಗಳದಲ್ಲೇ ನಿಮ್ಮ ಸಂಬಳ ನಡೀತಿತ್ತು ಮೇಷ್ಟ್ರೇ. ಇವತ್ತು ನಮ್ಮಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ನಾಳೆಯಿಂದ ಬರೋದು ಬೇಡ."

ದಯಾನಂದನ ನಾಲಿಗೆ ಕೊನೆಯದೊಂದು ಪ್ರಯತ್ನ ಮಾಡಿತು. "ಹಾಗಾದ್ರೆ ಸಾರ್... ಇನ್ನು ಮುಂದೆ ಶಾಲೆಗೆ ಅಧ್ಯಕ್ಷರು ಯಾರು? ಇಬ್ರಲ್ಲಿ ಒಬ್ರೇ ತಾನೇ ಆಗ್ಬೇಕು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೇ ಆಗು ಮಾರಾಯ" ಎಂದರು ಬೆಳ್ಳಿಯಪ್ಪ.

"ಛೆ ಛೆ, ನೀನೇ ಇರು. ನಂಗೆಂತಕ್ಕೆ?"

"ಇಲ್ಲಪ್ಪ, ನೀನೇ ಆಗ್ಬೇಕು."

ಅಷ್ಟರಲ್ಲಿ ಬಾಗಿಲ ಹೊರಗಿನಿಂದ ಗುರುವಯ್ಯನ ಉತ್ಸಾಹದ ದನಿ ಕೇಳಿಸಿತು. "ಮೇಷ್ಟ್ರೇ, ನಿಮ್ಮ ಕೆಲಸದ ವಿಷಯ ಇತ್ಯರ್ಥ ಆಯ್ತಾ?"

ದಯಾನಂದ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು:

"ಆಯ್ತು ಗುರುವಯ್ಯ, ಇಬ್ರೂ ಕೂಡಿಯೇ ಮಾಡಿದ್ವಿ!"