ಅಮೀಬಾ ಹುಡುಕಲು ಹೋದದ್ದು

ಮೊದಲೇ ಕ್ಷಮೆ ಕೇಳುತ್ತೇನೆ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಇದುವರೆಗೆ ನಾನು ಬರೆದದ್ದು ಬಾಟಲಿಗೆ ಅಂಟಿಸುವ ಚೀಟಿ ಮಾತ್ರ. ಕಣ್ಣಿನ ಆಸ್ಪತ್ರೆಯೊಂದರ ಲ್ಯಾಬಿಗಾಗಿ ಕಾರವಾರ, ಅಂಕೋಲಾ ಸುತ್ತ ಬಾವಿ, ಟಾಂಕಿ, ನಲ್ಲಿಗಳ ನೀರು ತುಂಬಿ ತರುವುದು ನನ್ನ ಕೆಲಸ. ಕಣ್ಣಿಗೆ ರೋಗ ತರುವ ಅಮೀಬಾ ಅದರಲ್ಲಿದೆಯೇ ಎಂದು ಡಾಕ್ಟರ್ ನೋಡುತ್ತಾರೆ. (ಅಮೀಬಾ ಎಂದರೆ ಒಂದೇ ಕೋಶದ ಜೀವಿ. ಬರಿಗಣ್ಣಿಗೆ ಕಾಣುವುದಿಲ್ಲ.) ಬಾಟಲಿ ಹಿಡಿದು ಗುರುತಿಲ್ಲದವರ ಬಾಗಿಲು ತಟ್ಟಿದರೆ ಏನಾದರೊಂದು ಆಗಿಯೇ ಆಗುತ್ತದೆ. ಸಂಜೆ ಕೋಣೆಗೆ ಬಂದರೆ ಹೇಳಿಕೊಳ್ಳಲು ಯಾರೂ ಇಲ್ಲ. ನಾನು ಘಟ್ಟದ ಮೇಲಿನವನು. ಅದಕ್ಕೇ ಬರೆಯುತ್ತಿದ್ದೇನೆ.

ಬೊಬ್ರುವಾಡದ ಬಾಟಲಿ

ಇಲ್ಲಿ ಒಬ್ಬ ಅಮ್ಮ ಬಾಟಲಿ ಇಸಿದುಕೊಂಡು ಒಳಗೆ ಹೋದರು. "ನಾನೇ ತುಂಬಿಕೊಳ್ತೇನೆ" ಅಂದರೂ ಕೇಳಲಿಲ್ಲ. ಕಾಲು ಗಂಟೆ ಬಿಟ್ಟು ತಂದುಕೊಟ್ಟಾಗ ಬಾಟಲಿ ಬಿಸಿ.

"ಸೋಪು ಹಾಕಿ ತೊಳ್ದು, ನೀರು ಕಾಸಿ, ಬಟ್ಟೇಲಿ ಸೋಸಿ ತುಂಬಿದೆ ತಮ್ಮಾ. ಬಂದವರಿಗೆ ಹಸಿ ನೀರು ಕೊಡೂದು ಹೆಂಗೆ?"

ಕಾಸಿದ ನೀರಿನಲ್ಲಿ ಹುಡುಕುವಂಥದ್ದೇನೂ ಉಳಿಯುವುದಿಲ್ಲ. ಹೇಳಲು ಮನಸ್ಸಾಗಲಿಲ್ಲ. ಆ ವಾರ ನನ್ನನ್ನು 'ಬಂದವರು' ಎಂದದ್ದು ಅವರೊಬ್ಬರೇ. ಬಾಳೆಗುಳಿಯಲ್ಲಿ ಬಸ್ಸಿಗೆ ಕಾಯುತ್ತ ಸ್ಯಾಂಪಲ್ ಪೂರ್ತಿ ಕುಡಿದೆ. ಸ್ವಲ್ಪ ಸೋಪಿನ ರುಚಿ ಇತ್ತು.

ಕಿನ್ನರ ಊರಿನ ಅಜ್ಜ

"ನಮ್ಮ ಬಾವಿಗೆ ರೋಗ ಹೇಳ್ತಿಯೇನೋ?" ಎನ್ನುತ್ತ ಅಜ್ಜ ಚೊಂಬು ಎತ್ತಿ ಗಟಗಟ ಕುಡಿದರು. ಕುಡಿದರೆ ಕಣ್ಣಿಗೆ ಹೋಗುವುದಿಲ್ಲ, ಈ ಜೀವಿ ಮಣ್ಣು, ಬಾವಿ, ನಲ್ಲಿ ಎಲ್ಲ ಕಡೆ ಇರಬಹುದು, ಕಣ್ಣಿಗೆ ಗೀರು ಬಿದ್ದವರಿಗೆ, ಲೆನ್ಸ್ ಹಾಕುವವರಿಗೆ ಅಪಾಯ ಹೆಚ್ಚು ಎಂದು ವಿವರಿಸಿದೆ. ಮುಗಿಯುವುದರೊಳಗೆ ಉಳಿದ ನೀರನ್ನು ಕಣ್ಣಿಗೆ ಎರಚಿಕೊಂಡರು.

"ಹುಟ್ಟಿದಾಗಿಂದ ಇದೇ ನೀರು. ನಂಗೆ ಕನ್ನಡಕ ಇಲ್ಲ. ನಿಂಗೆ?"

"ಲೆನ್ಸ್ ಇದೆ ಅಜ್ಜಾ."

"ಹಂಗಾರೆ ನಿನ್ನ ಮನೆ ನೀರು ತುಂಬು, ಹೋಗು!"

ಕಾರವಾರದ ನನ್ನ ಕೋಣೆ

ತುಂಬಿದೆ. ನಲ್ಲಿಯದು ಒಂದು ಬಾಟಲಿ, ಲೆನ್ಸ್ ಡಬ್ಬಿಯದು ಒಂದು. ಡಾಕ್ಟರ್ ನೋಡಿ, "ಅಷ್ಟರಲ್ಲೂ ಈ ಎರಡರಲ್ಲೇ ಜಾಸ್ತಿ! ಡಬ್ಬೀನ ನಲ್ಲಿ ನೀರಲ್ಲಿ ತೊಳೆಯೋ ಮಹಾಶಯ ಯಾರು? ಹೋಗಿ ಬುದ್ಧಿ ಹೇಳಿ ಬಾ" ಅಂದರು. ಕನ್ನಡಿಯ ಮುಂದೆ ನಿಂತು ಹೇಳಿದೆ. (ಕಣ್ಣಿಗೆ ಏನೂ ಆಗಿಲ್ಲ. ಡಬ್ಬಿ ಎಸೆದು ಕನ್ನಡಕ ಹಾಕಿದ್ದೇನೆ.)

ಕಷ್ಟ ಆ ನಲ್ಲಿಗೆ ನೀರು ಬರುವ ಟಾಂಕಿಯದು. ಅದು ಮನೆ ಒಡತಿ ಅಕ್ಕನದು. ವರ್ಷದಿಂದ ಅವರು ನನ್ನೊಡನೆ ಆಡಿದ್ದು ಒಂದೇ ಮಾತು, "ಮೋಟರ್ ಬಂದ್ ಮಾಡು." ಅವರ ಮನೆಯವರು ಕೊಂಕಣಿಯಲ್ಲಿ ಏನೋ ಹೇಳಿ ನಗುವಾಗ ಗೋಡೆಯ ಈಚೆ ನಾನೂ ಅಂದಾಜಿನ ಮೇಲೆ ನಗುತ್ತೇನೆ. ನೀರು ಕೆಟ್ಟಿದೆ ಎಂದರೆ ಕೋಣೆ ಬಿಡು ಅನ್ನುತ್ತಾರೆ. ಬಿಟ್ಟರೆ ಆ ನಗುವೂ ಇಲ್ಲ. ಹೇಳದಿದ್ದರೆ, ಅವರ ಮಗಳೂ ಲೆನ್ಸ್ ಹಾಕುತ್ತಾಳೆ. ನಿನ್ನೆ ಹೇಳಿದೆ.

ಅಕ್ಕ ಸೊಂಟಕ್ಕೆ ಕೈಯಿಟ್ಟರು. "ವರ್ಷ ಆಯ್ತು ನೀ ಬಂದು. ಮಾತಾಡಿದ್ದೇ ಇವತ್ತು. ಅದೂ ನನ್ನ ಟಾಂಕಿಗೆ ಬೈಲಿಕ್ಕೆ!"

ಇವತ್ತು ಬೆಳಿಗ್ಗೆ ಇಬ್ಬರೂ ಸೇರಿ ಟಾಂಕಿ ತಿಕ್ಕಿದೆವು. ತಳದ ಲೋಳೆ ತೋರಿಸಿ ನಾನು ವಿವರಿಸತೊಡಗಿದೆ. ಅವರಿಗೆ ಅರ್ಧ ಸಾಕಾಯಿತು, ಉಳಿದರ್ಧ ನಿಮಗೆ ಹೇಳುತ್ತೇನೆ. ಕಾಲ ಸರಿಯಿಲ್ಲದಾಗ ಈ ಅಮೀಬಾ ಸುತ್ತ ಚಿಪ್ಪು ಕಟ್ಟಿಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಸತ್ತಿದೆ ಅನ್ನಿಸುತ್ತದೆ, ಸತ್ತಿರುವುದಿಲ್ಲ. ತಿನ್ನಲು ಏನಾದರೂ ಇದೆ ಎಂದು ಗೊತ್ತಾದ ಕೂಡಲೇ ಚಿಪ್ಪಿನ ಸಣ್ಣ ತೂತಿನಿಂದ

"ಏ ಟಾಂಕಿ ತಮ್ಮಾ! ಬಂಗಡೆ ಸಾರು ಆರ್ತದೆ, ಬಾರೋ ಊಟಕ್ಕೆ!"

ಬಂದೆ ಅಕ್ಕಾ! ಕ್ಷಮಿಸಿ, ಅದು ಹೊರಗೆ ಬರುವುದು ಹೇಗೆಂದರೆ, ಮೊದಲು