ಅಜ್ಜಿ ಬರುವ ತನಕ ಬೋರಲು ಬೀಳಬಾರದು

ಬೆಳಗಿನ ಒಂಬತ್ತೂವರೆಗೆ, ನಡುಮನೆಯ ಚಾಪೆಯ ಮೇಲೆ, ನಾಲ್ಕು ತಿಂಗಳು ಆರು ದಿನದ ಅಮರ್ ಎಡಗಾಲನ್ನು ಬಲಗಾಲಿನ ಮೇಲೆ ಎಸೆದು, ಸೊಂಟ ತಿರುಗಿಸಿ, ಅಡ್ಡಡ್ಡಕ್ಕೆ ಒಂದು ಗಳಿಗೆ ನಿಂತು ಯೋಚಿಸಿ, ದೊಪ್ಪನೆ ಬೋರಲು ಬಿದ್ದ. ಬಿದ್ದವನು ಕತ್ತೆತ್ತಿ, ಪಂಚಾಯ್ತಿ ಎಲೆಕ್ಷನ್ ಗೆದ್ದವನ ಹಾಗೆ ಸುತ್ತಲೂ ನೋಡಿದ.

ನೋಡಿದ್ದು ಅವನ ಅಪ್ಪ ಕಾಂತರಾಜು ಒಬ್ಬನೇ. ಹೆಂಡತಿ ಕೀರ್ತನ ಏಳು ಗಂಟೆಯ ಬಸ್ಸಿಗೆ ಬಿ.ಎಡ್ ಪರೀಕ್ಷೆಗೆಂದು ಹೊಸಕೋಟೆಗೆ ಹೋಗಿದ್ದಳು. ತಾಯಿ ಬೈರಮ್ಮ, ಅನುಗೊಂಡನಹಳ್ಳಿಯಲ್ಲಿ ತಂಗಿ ಮನೆಯ ಗೃಹಪ್ರವೇಶವೆಂದು ಅದೇ ಬಸ್ಸು ಹತ್ತಿದ್ದಳು. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹಿಡಿದು, ಮಗು ಮಲಗಿದ ಮೇಲೆ ಮನೆ ಸೇರುವ ಕಾಂತರಾಜು, ಅವತ್ತು ರಜಾ ಹಾಕಿ ಕೂಸಿನ ಕಾವಲಿಗೆ ಕೂತಿದ್ದ. ಹೊರಡುವಾಗ ಬೈರಮ್ಮ, "ಹಾಲು ತೆಗ್ದಿಟ್ಟವ್ಳೆ, ಒಳಲೇಲಿ ಕುಡ್ಸು. ಕೂಸನ್ನ ಚಾಪೆ ಮೇಲೆ ಬುಟ್ಟು ಆಡ್ಸು. ಮೊಬೈಲ್ ನೋಡ್ಕೊಂಡು ಕುಂತ್ಕೋಬೇಡ" ಎಂದು ಎರಡೆರಡು ಸಲ ಹೇಳಿದ್ದಳು.

ಕಾಂತರಾಜುವಿನ ಎದೆ ಕಣಜದ ಹಾಗೆ ತುಂಬಿಕೊಂಡಿತು. ತಕ್ಷಣ ಫೋನು ತೆಗೆದು ಅಮ್ಮನ ಹೆಸರು ಹುಡುಕಿದ. ಒತ್ತಬೇಕೆನ್ನುವಷ್ಟರಲ್ಲಿ ಹೆಬ್ಬೆರಳು ತಾನಾಗಿಯೇ ನಿಂತಿತು.

ಮಗು ಬೋರಲು ಬಿದ್ದ ದಿನ ದೋಸೆ ಹುಯ್ದು ಬೀದಿಗೆಲ್ಲ ಹಂಚುವುದು ಅವರ ಮನೆಯ ಪದ್ಧತಿ. ಮೂವತ್ತೊಂದು ವರ್ಷದ ಹಿಂದೆ ಇದೇ ಕಾಂತರಾಜು ಬೋರಲು ಬಿದ್ದಾಗ ಬೈರಮ್ಮ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಅವಳ ಅತ್ತೆ ನೋಡಿ, ನೆಂದಕ್ಕಿ ರುಬ್ಬಿ, ದೋಸೆ ಹುಯ್ದು ಹಂಚಿಯೂ ಆಗಿತ್ತು. ಸಂಜೆ ಮನೆಗೆ ಬಂದವಳಿಗೆ ಸಿಕ್ಕಿದ್ದು ಒಂದು ತಣ್ಣನೆಯ ದೋಸೆ. ಈ ಕತೆಯನ್ನು ಬೈರಮ್ಮ ಹೇಳದ ಹಬ್ಬವಿಲ್ಲ. ಮೊಮ್ಮಗನ ನಾಮಕರಣದ ದಿನ ಮಗನ ಕೈಹಿಡಿದು, "ಹೆತ್ತ ಮಗಂದು ನೋಡ್ಲಿಲ್ಲ ಕಣ್ಲಾ. ಇವಂದು ಮಾತ್ರ ಎಲ್ರಿಗಿಂತ ಮುಂಚೆ ನಾನೇ ನೋಡ್ಬೇಕು" ಎಂದಿದ್ದಳು. ಅವನೂ ಆಯ್ತಮ್ಮ ಎಂದಿದ್ದ.

ಕಾಂತರಾಜು ಫೋನು ಜೇಬಿಗಿಟ್ಟ. ಮಗುವನ್ನು ಮೆಲ್ಲಗೆ ಅಂಗಾತ ಮಾಡಿದ. ಮಗು ಮತ್ತೆ ಬೋರಲು ಬಿತ್ತು. ಮತ್ತೆ ತಿರುಗಿಸಿದ. ಅದು ಮತ್ತೆ ಬಿತ್ತು.

"ಲೋ ಅಪ್ಪಾ, ನಿಮ್ಮಜ್ಜಿ ಬರೋವರ್ಗೂ ತಡ್ಕೊಳೋ" ಎಂದು ಬೇಡಿಕೊಂಡ. ಎಡಕ್ಕೊಂದು ಬಲಕ್ಕೊಂದು ದಿಂಬಿಟ್ಟ. ಮಗು ದಿಂಬನ್ನೇ ಒದ್ದು ಉರುಳಿಸಿತು. ಕೊನೆಗೆ ಎತ್ತಿ ಹೆಗಲಿಗೆ ಹಾಕಿಕೊಂಡ. ಹೆಗಲ ಮೇಲೆ ಯಾರೂ ಬೋರಲು ಬೀಳಲಾರರು.

ಹತ್ತು ಗಂಟೆಗೆ ಪಕ್ಕದ ಮನೆಯ ಅನುಸೂಯಮ್ಮ ಕರಿಬೇವು ಕೇಳಿಕೊಂಡು ಬಂದಳು. ಕರಿಬೇವು ನೆಪ. ಗಂಡಸೊಬ್ಬ ಕೂಸು ನೋಡಿಕೊಳ್ಳುವುದನ್ನು ನೋಡಿ ಹೋಗುವುದು ಅಸಲು ಕೆಲಸ.

"ಯಾಕ್ಲಾ ಕಾಂತ, ಮೂಟೆ ಹೊತ್ತಂಗೆ ಹೊತ್ಕೊಂಡಿದೀಯ? ಕೆಳಗೆ ಬುಡು ಮಗೀನ, ಆಡ್ಲಿ."

"ಬೇಡ ಅಕ್ಕ, ಕೆಳಗೆ ತಣ್ಣಗೈತೆ."

"ಏಪ್ರಿಲ್ ತಿಂಗ್ಳಲ್ಲಿ ಎಲ್ಲೀ ತಣ್ಣಗೆ? ಚಾಪೆ ಹಾಸೈತಲ್ಲ." ಅನುಸೂಯಮ್ಮ ಕೈಚಾಚಿದಳು. ಕಾಂತರಾಜು ಎರಡು ಹೆಜ್ಜೆ ಹಿಂದೆ ಸರಿದ. ಅವಳ ಕಣ್ಣು ಸಣ್ಣಗಾಯಿತು. "ಬೆನ್ನಲ್ಲಿ ಬಲ ಇಲ್ವೇನ್ಲಾ?"

"ಬಲ ಐತೆ ಅಕ್ಕ, ಜಾಸ್ತೀನೇ ಐತೆ" ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. ಮುಖ ಸಪ್ಪಗಾಯಿತು. ಆ ಸಪ್ಪೆ ಮುಖವೇ ಅನುಸೂಯಮ್ಮನಿಗೆ ಸಾಕಾಯಿತು. ಕರಿಬೇವು ಮರೆತು ಹೊರಟಳು.

ಅರ್ಧ ಗಂಟೆಯಲ್ಲಿ ಅಂಗನವಾಡಿ ಟೀಚರ್ ಪ್ರಮೋದಾ ತೂಕದ ಜೋಳಿಗೆ, ರಿಜಿಸ್ಟರು ಹಿಡಿದು ಬಂದಳು. ದಾರಿಯಲ್ಲಿ ಅನುಸೂಯಮ್ಮ ಸಿಕ್ಕಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು.

"ಅಣ್ಣಾ, ತಾಯಿ ಕಾರ್ಡ್ ಕೊಡಿ. ಕತ್ತು ನಿಂತಿದ್ಯಾ?"

"ಮೂರು ತಿಂಗ್ಳಿಗೇ ನಿಂತ್ಕೊಂಡ್ತು."

"ನಗ್ತಾನಾ?"

"ಎರಡು ತಿಂಗ್ಳಿಗೇ. ಕೂಗಿದ್ರೆ ತಿರುಗ್ತಾನೆ. ಗಿಲಕಿ ಕೊಟ್ರೆ ಬಿಡೋದೇ ಇಲ್ಲ, ಕಿತ್ಕೋಬೇಕು. ಮೊನ್ನೆ ನನ್ ಮೀಸೆ ಹಿಡ್ಕೊಂಡು" ಎಂದು ಕಾಂತರಾಜು ಉತ್ಸಾಹದಿಂದ ಶುರು ಮಾಡಿದ.

"ಬೋರ್ಲು ಬೀಳ್ತಾನಾ?"

ಬೆಳಗಿನಿಂದ ಏಳು ಸಲ ಬಿದ್ದಿದ್ದ. ಒಂದು ಸಲವಂತೂ ಬಿದ್ದ ಮೇಲೆ ಎದೆ ಎತ್ತಿ ಈಜುವವನ ಹಾಗೆ ಕೈಕಾಲು ಆಡಿಸಿದ್ದ. ಆದರೆ ಪ್ರಮೋದಾಳಿಗೆ ಹೇಳುವುದೂ ಹಾಲಿನ ಡೇರಿಯ ಮೈಕಿನಲ್ಲಿ ಕೂಗುವುದೂ ಒಂದೇ.

"ಇನ್ನೂ ಇಲ್ಲ" ಎಂದ. ಆ ಎರಡು ಮಾತು ಹೊರಬರುವಾಗ ಹಲ್ಲು ಕಿತ್ತಷ್ಟು ನೋವಾಯಿತು.

"ಪರ್ವಾಗಿಲ್ಲ, ಕೆಲವು ಮಕ್ಕಳಿಗೆ ಐದಾಗುತ್ತೆ. ನಮ್ಮ ಉಮಾಶಂಕರ್ ಮಗಳು ಮಾತ್ರ ಮೂರೂವರೆಗೇ ಬಿದ್ಬಿಟ್ಲು, ನೋಡಿ."

ಉಮಾಶಂಕರ್ ಕಾಂತರಾಜುವಿನ ಕಂಪನಿಯವನೇ. ಮಗಳ ವೀಡಿಯೊವನ್ನು ಹದಿನಾರು ಸಲ ತೋರಿಸಿದವನು. ಆ ವೀಡಿಯೊದಲ್ಲಿ ಹಿಂದಿನಿಂದ ಯಾರದೋ ಕೈ ಆ ಕೂಸನ್ನು ನೂಕುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲಿ ಕೈಯಿಲ್ಲ, ಕಾಲಿಲ್ಲ, ಸ್ವಂತ ಬಲ. ಆದರೂ ಕಾಂತರಾಜು ತಲೆ ತಗ್ಗಿಸಿ ನಿಂತ. ಪ್ರಮೋದಾ ಜೋಳಿಗೆಯಲ್ಲಿ ಮಗುವನ್ನು ತೂಗಿ, ರಿಜಿಸ್ಟರಿನಲ್ಲಿ "ಇಲ್ಲ" ಎಂದು ಬರೆದುಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮೇಲೆ ಆರು ಜನ ಕೂತಿದ್ದರು. ಎದುರುಮನೆಯ ಮುದುಕ ಪಿಳ್ಳಣ್ಣ ಎಲೆಯಡಿಕೆ ಜಗಿಯುತ್ತಾ, "ನಿಧಾನ ಆಗೋದು ವಂಶದಲ್ಲೇ ಐತೆ ಬುಡ್ರಮ್ಮ. ಇವ್ನು ಎಸ್ಸೆಲ್ಸಿ ದಾಟಕ್ಕೆ ಮೂರು ವರ್ಷ ತಗೊಳ್ಲಿಲ್ವಾ?" ಎಂದು ಸಮಾಧಾನ ಹೇಳಿದ.

"ಎರಡು ವರ್ಷ, ತಾತ" ಎಂದ ಕಾಂತರಾಜು.

ಅಷ್ಟರಲ್ಲಿ ಅನುಸೂಯಮ್ಮ ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಹಿಡಿದು ಬಂದಳು. ನೆಲದ ಮೇಲೆ ಕಾಲು ನೀಡಿ ಕೂತು, "ತಾ ಇಲ್ಲಿ" ಎಂದಳು. ಈ ಸಲ ಕೊಡದಿದ್ದರೆ ಆಂಬುಲೆನ್ಸೇ ಬರಬಹುದೆಂದು ಹೆದರಿ ಕಾಂತರಾಜು ಕೊಟ್ಟ. ಅವಳು ಕಾಲ ಮೇಲೆ ಮಗುವನ್ನು ಒತ್ತಿ ಹಿಡಿದು ತಿಕ್ಕತೊಡಗಿದಳು. ಆ ಹಿಡಿತದಲ್ಲಿ ಎಮ್ಮೆಕರುವೂ ಮಗ್ಗುಲು ಬದಲಿಸಲಾರದು. ಕಾಂತರಾಜುವಿಗೆ ಮೊದಲ ಸಲ ನೆಮ್ಮದಿಯಾಯಿತು. ಇನ್ನೆರಡು ಗಂಟೆ ಇವಳು ಹೀಗೇ ತಿಕ್ಕುತ್ತಿದ್ದರೆ ಅಮ್ಮ ಬಂದುಬಿಡುತ್ತಾಳೆ.

ತಿಕ್ಕುತ್ತಲೇ ಅನುಸೂಯಮ್ಮ ಇನ್ನೊಂದು ಕೆಲಸವನ್ನೂ ಮಾಡಿದ್ದು ಅವನಿಗೆ ಗೊತ್ತಾದದ್ದು ತಡವಾಗಿ. ಪಕ್ಕದವಳಿಂದ ಫೋನು ಕಿವಿಗೆ ಹಿಡಿಸಿಕೊಂಡು ಅವಳು ಹೇಳುತ್ತಿದ್ದಳು: "ಬೈರಕ್ಕಾ, ಗಾಬ್ರಿ ಆಗ್ಬೇಡ. ಮಗೀಗೆ ಬೆನ್ನು ನಿಲ್ತಾ ಇಲ್ಲ. ನಿನ್ ಮಗ ಬಾಯ್ಬುಡ್ತಾ ಇಲ್ಲ."

ನಾಲ್ಕು ಗಂಟೆಗೆ ಬೈರಮ್ಮ ಬಂದಳು. ಹೊಸಕೋಟೆ ಬಸ್‌ಸ್ಟಾಂಡಿನಲ್ಲಿ ಜೊತೆಯಾದ ಕೀರ್ತನ ಹಿಂದೆಯೇ ಓಡಿಬರುತ್ತಿದ್ದಳು. ಬೈರಮ್ಮ ಚಪ್ಪಲಿಯನ್ನೂ ಬಿಡದೆ ಒಳನುಗ್ಗಿ, ಮಗುವನ್ನು ಕಿತ್ತುಕೊಂಡು ಚಾಪೆಯ ಮೇಲೆ ಅಂಗಾತ ಮಲಗಿಸಿದಳು. ಇಡೀ ಬೀದಿ ಬಾಗಿಲಲ್ಲಿ ಉಸಿರು ಹಿಡಿದು ನಿಂತಿತು.

ಅಮರ್ ಎಲ್ಲರ ಮುಖ ಒಮ್ಮೆ ನೋಡಿದ. ಎಡಗಾಲು ಎತ್ತಿದ. ದೊಪ್ಪನೆ ಬೋರಲು ಬಿದ್ದ. ಬಿದ್ದು, ಎದೆ ಎತ್ತಿ, ನಕ್ಕ.

ಬೈರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕಾಂತರಾಜುವಿನ ಕಣ್ಣೂ ತುಂಬಿತು. ಊರಿನ ಲೆಕ್ಕದಲ್ಲಿ ಮಗು ಅಮ್ಮನ ಕಣ್ಣೆದುರಿಗೇ ಮೊದಲು ಬಿದ್ದಿತ್ತು. ದಿನವೆಲ್ಲ ಪಟ್ಟ ಅವಮಾನ ಆ ಗಳಿಗೆಯಲ್ಲಿ ಸಾರ್ಥಕವಾಯಿತು ಅನ್ನಿಸಿತು.

"ನೋಡಿದ್ರಾ ನನ್ನೆಣ್ಣೆ" ಎಂದಳು ಅನುಸೂಯಮ್ಮ.

ಕಾಂತರಾಜು ತಿರುಗಿ ನೋಡುವಷ್ಟರಲ್ಲಿ ಬೀದಿ ಅವಳನ್ನು ಸುತ್ತುವರಿದಿತ್ತು. ಎರಡೇ ಗಂಟೆ ತಿಕ್ಕಿದ್ದಂತೆ, ಬೆನ್ನಿಲ್ಲದ ಮಗು ಬೋರಲು ಬಿತ್ತಂತೆ. ಪ್ರಮೋದಾ ರಿಜಿಸ್ಟರ್ ತಂದು "ಇಲ್ಲ" ಹೊಡೆದು "ಹೌದು" ಬರೆದಳು. ಬೈರಮ್ಮ ಅನುಸೂಯಮ್ಮನಿಗೆ ಕುಂಕುಮ ಕೊಟ್ಟು, ರವಿಕೆ ಕಣ ಇಟ್ಟು, "ನಿನ್ ಕೈಗುಣ ದೊಡ್ದು ಕಣಮ್ಮ" ಎಂದಳು. ಆಮೇಲೆ ದೋಸೆಗೆ ಅಕ್ಕಿ ನೆನೆಹಾಕಲು ಒಳಗೆ ಹೋದಳು.

ಅಡಿಗೆಮನೆಯಲ್ಲಿ ಕಾಂತರಾಜುವಿಗೆ ತಡೆಯಲಾಗಲಿಲ್ಲ. "ಅಮ್ಮಾ, ಬೆಳಗ್ಗೆ ಒಂಬತ್ತೂವರೆಗೇ ಬಿದ್ದ. ನೀನು ಮೊದ್ಲು ನೋಡ್ಬೇಕು ಅಂತ ಬಾಯ್ಮುಚ್ಕೊಂಡಿದ್ದೆ."

ಬೈರಮ್ಮ ಸೊಸೆಯ ಮುಖ ನೋಡಿದಳು. ಕೀರ್ತನ ಸೀರೆಯ ಅಂಚು ನೋಡಿಕೊಂಡಳು.

"ನಾವು ಮಂಗಳವಾರಾನೇ ನೋಡಿದ್ವಿ ಕಣ್ಲಾ" ಎಂದಳು ಬೈರಮ್ಮ. "ನೀನು ಕತ್ಲಲ್ಲಿ ಹೋಗೋನು, ಕತ್ಲಲ್ಲಿ ಬರೋನು. ನೋಡ್ಲಿಲ್ವಲ್ಲ ಅನ್ನೋ ಸಂಕ್ಟ ನಂಗೊತ್ತಿಲ್ವಾ? ಅಪ್ಪ ನೋಡೋಗಂಟ ಯಾರೂ ನೋಡಿಲ್ಲ ಅಂತ ನಾವಿಬ್ರೂ ಮಾತಾಡ್ಕೊಂಡ್ವಿ."

"ಪರೀಕ್ಷೆ ನಿಜ್ವಾಗ್ಲೂ ಇತ್ತು ಕಣ್ರೀ" ಎಂದಳು ಕೀರ್ತನ. "ಅತ್ತೆ ಮಾತ್ರ ಗೃಹಪ್ರವೇಶಕ್ಕೆ ಹೋಗ್ದೆ ಇರ್ಬೋದಿತ್ತು. ನೀವೇ ಕೂತು ನೋಡ್ಲಿ ಅಂತ ಹೋದ್ರು."

"ಮತ್ತೆ ಅತ್ತಿದ್ದು ಯಾಕಮ್ಮ?"

"ಮಂಗಳವಾರ ಬಿದ್ದ ಮಗು ಇವತ್ತು ಬೀಳ್ತಿಲ್ಲ ಅಂದ್ರೆ, ನೀನೆಲ್ಲೋ ಎತ್ತಾಕ್ಬಿಟ್ಟಿದೀಯ ಅನ್ಕೊಂಡೆ."

ಕಾಂತರಾಜು ಎದ್ದ. "ಈಗ್ಲೇ ಹೋಗಿ ಬೀದಿಗೆಲ್ಲ ಹೇಳ್ಬಿಡ್ತೀನಿ, ನನ್ ಮಗಂಗೆ ಯಾವ ಎಣ್ಣೇನೂ ಬೇಕಿರ್ಲಿಲ್ಲ ಅಂತ."

"ಏನಂತ ಹೇಳ್ತೀಯ? ಟೀಚರ್‌ಗೆ ಸುಳ್ಳು ಹೇಳ್ದೆ ಅಂತಲಾ? ನಮ್ಮನೇರೆಲ್ಲ ಒಬ್ರಿಗೊಬ್ರು ಮುಚ್ಚಿಟ್ವಿ ಅಂತಲಾ? ರವಿಕೆ ಕಣ ಬೇರೆ ಕೊಟ್ಟಾಯ್ತು. ಸುಮ್ಕಿರು."

ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು. ಕಾಂತರಾಜು ಬಾಗಿಲಿಗೆ ಬಂದ. ಮೇಲಿನ ಬೀದಿಯ ಜವರಪ್ಪ ಐದು ತಿಂಗಳ ಮೊಮ್ಮಗಳನ್ನು ತೋಳಲ್ಲಿ ಹೊತ್ತು ನಿಂತಿದ್ದ.

"ಕಾಂತಣ್ಣ, ಅನುಸೂಯಮ್ಮನ ಹತ್ರ ಹೊಂಟೆ. ನಿಮ್ಮುಡ್ಗ ಬೆನ್ನಲ್ಲಿ ಬಲಾನೇ ಇಲ್ದೆ ಬಿದ್ದಿದ್ನಂತಲ್ಲ. ಎಷ್ಟು ದಿನ ತಿಕ್ಕಿಸ್ದೆ?"

ಕಾಂತರಾಜು ಬಾಯಿ ತೆರೆದ. ಹಿಂದಿನಿಂದ ಅಮ್ಮನ ಕಣ್ಣು ಬೆನ್ನಿಗೆ ನೆಟ್ಟಿದ್ದು ತಿಳಿಯುತ್ತಿತ್ತು. ಬಾಯಿ ಮುಚ್ಚಿದ. ಆಮೇಲೆ ಎದೆ ಸೆಟೆಸಿ ಹೇಳಿದ:

"ಒಂದೇ ಸಲ, ಜವರಪ್ಪಣ್ಣ. ಬೇರೆ ಮಕ್ಳಿಗೆ ವಾರ ಹಿಡೀಬೋದು. ನಮ್ಮೋನು ವಸಿ ಚುರುಕು."