ಬೆಳಗುವ ಕೆಲಸ

ನಿಘಂಟು ಕಚೇರಿಯಲ್ಲಿ ನನ್ನ ಕುರ್ಚಿ ಅಲ್ಲಾಡುತ್ತಿತ್ತು. (ಕುರ್ಚಿಯ ಕಾಲು ಗಟ್ಟಿಯಾಗಿಯೇ ಇತ್ತು, ನಾನು ಹೇಳುತ್ತಿರುವುದು ನೌಕರಿಯ ಮಾತು.) ನಾನು ಕಂಡುಹಿಡಿದ ಪದಮೂಲಗಳನ್ನೆಲ್ಲ ಸಂಪಾದಕರು ಕಟ್ಟುಕತೆ ಎಂದು ಹೊಡೆದುಹಾಕಿ, "ಇದೊಂದು ಪದ ನೆಟ್ಟಗೆ ಬರೀದಿದ್ರೆ ನಿಮ್ಮನ್ನ ಉಗ್ರಾಣಕ್ಕೆ ಹಾಕ್ತೀನಿ" ಎಂದಿದ್ದರು. ಆ ಪದ 'ಬೆಳಗು'.

ಭಾನುವಾರ ಊಟ ಮುಗಿಯುತ್ತಲೇ ನನಗೆ ಜ್ಞಾನೋದಯವಾಯಿತು. ಅಡುಗೆಮನೆಗೆ ಓಡಿದೆ.

"ಸಿಕ್ತು ಕಣೇ! ಬೆಳೆ, ಬೆಳಗು! ಬಿಸಿಲಿದ್ರೆ ತಾನೇ ಪೈರು ಬೆಳೆಯೋದು?"

ನನ್ನವಳು ಶಾಲೆಯಲ್ಲಿ ಲೆಕ್ಕದ ಮೇಡಂ. ಹಂತ ಹಂತವಾಗಿ ಬಿಡಿಸದಿದ್ದರೆ ಗಂಡನಿಗೂ ಅಂಕವಿಲ್ಲ. ತಿಕ್ಕುತ್ತಿದ್ದ ಬೋಗುಣಿಯಿಂದ ತಲೆಯೆತ್ತದೆ ಕೇಳಿದಳು: "ಅರ್ಥ ಏನೇನು ಕೊಟ್ಟಿದೀರಿ?"

"ಮುಂಜಾನೆ. ಪ್ರಕಾಶಿಸು. ದೀಪ ಹಚ್ಚು. ಆಮೇಲೆ, ಕೀರ್ತಿ ಬೆಳಗೋದು..."

"ಪಾತ್ರೆ ಬೆಳಗೋದು?"

ನಾನು ಪೆಚ್ಚಾದೆ. ಶಬ್ದಸಾಗರದಲ್ಲಿ ಈಜುವ ಮಹಾಶಯನ ಕಣ್ಣಿಗೆ ಮನೆಯ ಸಿಂಕು ಬಿದ್ದಿರಲಿಲ್ಲ.

"ಸರಿ ಬಿಡಿ. ಇಷ್ಟು ಹೊತ್ತು ತಿಕ್ಕಿದೆನಲ್ಲ, ಬೋಗುಣಿ ಬೆಳೀತಾ?"

"ಇಲ್ಲ."

"ಮತ್ತೇನಾಯ್ತು?"

"ಬೆಳ್ಳಗಾಯ್ತು."

ಅಂದವನೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಬೆಳ್! ಬಿಳಿ, ಬೆಳ್ಳಿ, ಬೆಳದಿಂಗಳು, ಬೆಳಕು, ಬೆಳಗು! ಇಡೀ ವಂಶವೇ ಸೋಪಿನ ನೊರೆಯಿಂದೆದ್ದು ಬಂದು ನನ್ನೆದುರು ನಿಂತಂತಾಯಿತು.

ಮರುದಿನ ಸಂಪಾದಕರು ನನ್ನ ಬರಹವನ್ನು ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.

"ಪಾತ್ರೆ ಬೆಳಗೋದನ್ನ ಎಲ್ಲರೂ ಮರೀತಾರೆ. ನಿಮಗೆ ಹೇಗ್ರೀ ಹೊಳೀತು?"

"ನನಗಲ್ಲ ಸಾರ್, ಹೊಳೆದದ್ದು ನನ್ನ ಹೆಂಡತಿಗೆ." ಅವಳಿಲ್ಲದಿದ್ದರೆ ಆ ಹೊತ್ತಿಗೆ ನಾನು ಉಗ್ರಾಣದಲ್ಲಿ ಜಿರಲೆಗಳಿಗೆ ವ್ಯಾಕರಣ ಹೇಳುತ್ತಿದ್ದೆ.

"ಹಾಗಾದ್ರೆ ಆ ಅರ್ಥಕ್ಕೆ ಪ್ರಯೋಗದ ವಾಕ್ಯಾನೂ ಅವರೇ ಕೊಡಲಿ. ಫೋನ್ ಮಾಡಿ ಕೊಡಿ ಇಲ್ಲಿ."

ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತ ಸಂಪಾದಕರು ಗಹಗಹಿಸಿ ನಕ್ಕರು. ಆ ನಗುವಿಗೇ ನಾನು ಕೃತಾರ್ಥನಾದೆ. ವಾಕ್ಯ ಏನೆಂದು ಕೇಳಲೂ ಇಲ್ಲ.

ಸಂಪುಟ ಅಚ್ಚಾಗಿ ಬಂತು. ಮನೆಗೆ ತಂದು, "ನಿನ್ನಿಂದಲೇ ನಾನು ಉಳಿದೆ ಕಣೇ" ಎಂದು ಎರಡೂ ಕೈಯಿಂದ ಅವಳಿಗೆ ಕೊಟ್ಟೆ. ಪುಟ ಹುಡುಕಿ ಗಟ್ಟಿಯಾಗಿ ಓದಿದಳು:

"ಬೆಳಗು: ತಿಕ್ಕಿ ತೊಳೆ. ಪ್ರಯೋಗ: ನಮ್ಮ ಮನೆಯಲ್ಲಿ ದಿನವೂ ಪಾತ್ರೆ ಬೆಳಗುವವರು ನಮ್ಮ ಯಜಮಾನರು."

"ಶುದ್ಧ ಸುಳ್ಳು!"

"ನಿಘಂಟಲ್ಲಿ ಸುಳ್ಳು ಇರಬಾರದಲ್ವೇನ್ರೀ?" ಎನ್ನುತ್ತ ನನ್ನ ಕೈಗೆ ನಾರು ಕೊಟ್ಟಳು.

ಅಂಗಿಯ ತೋಳು ಮಡಿಸಿದೆ. ಪರಿಷ್ಕೃತ ಮುದ್ರಣ ಬರುವುದು ನನ್ನ ನಿವೃತ್ತಿಯಾದ ಮೇಲಂತೆ.